ಚನ್ನಗಿರಿಯ ಕುದುರೆ ಸವಾರ

1800ರ ಮೇ ತಿಂಗಳ ಕೊನೆ. ಕರಾವಳಿಯಲ್ಲಿ ಮಳೆ ಇನ್ನೇನು ಇಳಿಯಬೇಕು ಅನ್ನುವ ಹೊತ್ತು. ಕೆನರಾ ಜಿಲ್ಲೆಯ ಕಲೆಕ್ಟರ್ ಥಾಮಸ್ ಮನ್ರೋ ಕುಂದಾಪುರದಲ್ಲಿ ಕೂತು ಮದ್ರಾಸಿನ ರೆವೆನ್ಯೂ ಬೋರ್ಡಿಗೆ ಉದ್ದದ ವರದಿಯೊಂದನ್ನು ಬರೆದು ಮುಗಿಸುತ್ತಿದ್ದ. ಮೇ 31ರ ತಾರೀಖಿನ ಆ ವರದಿಯಲ್ಲಿ ಅವನು ಹೇಳಿದ್ದು, ಈ ಜಿಲ್ಲೆಯ ಭೂಮಿ ಸರಕಾರದ್ದಲ್ಲ, ಒಕ್ಕಲಿನದ್ದು ಎಂದು. ಇಲ್ಲಿ ಭೂಮಿಯ ಹಕ್ಕುದಾರನಾದ ವರ್ಗದಾರನಿದ್ದಾನೆ, ಅವನ ಕೆಳಗೆ ಕಾಯಂ ಗೇಣಿಯ ಮೂಲಗೇಣಿಯವನಿದ್ದಾನೆ, ತಾತ್ಕಾಲಿಕ ಗೇಣಿಯ ಚಾಲಗೇಣಿಯವನಿದ್ದಾನೆ. ಯಾರ ಹಕ್ಕು ಎಲ್ಲಿಯವರೆಗೆ ಎಂಬುದಕ್ಕೆ ವಿಜಯನಗರದ ಕಾಲದಿಂದ ಬಂದ ಲೆಕ್ಕವಿದೆ ಎಂದು ಅವನು ಪುಟಗಟ್ಟಲೆ ಬಿಡಿಸಿಟ್ಟ.

ಅದೇ ತಿಂಗಳ ಕೊನೆಯ ಭಾಗದಲ್ಲಿ ಮದ್ರಾಸಿನಿಂದ ಇನ್ನೊಂದು ಪತ್ರ ಹೊರಟಿತ್ತು. ಬರೆದವನು ಸರಕಾರದ ಮುಖ್ಯ ಕಾರ್ಯದರ್ಶಿ ಜೊಸಾಯಾ ವೆಬ್. ಪಡೆಯಬೇಕಾದವನು ಶ್ರೀರಂಗಪಟ್ಟಣದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಧೋಂಡಿಯ ವಾಘ್ ಎಂಬವನನ್ನು ಎಲ್ಲಿದ್ದರೂ ಬೆನ್ನಟ್ಟಬೇಕು, ಸಿಕ್ಕಲ್ಲಿ ಮೊದಲು ಕಂಡ ಮರಕ್ಕೆ ನೇತುಹಾಕಬೇಕು ಎಂಬುದು ಆಜ್ಞೆ. ಯಾವ ಗದ್ದೆ ಯಾರದ್ದೆಂದು ಹೇಳಲು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಪುಟಗಟ್ಟಲೆ ಬೇಕಾಯಿತು. ಗದ್ದೆಯೇ ಇಲ್ಲದವನ ಲೆಕ್ಕ ಒಂದು ವಾಕ್ಯದಲ್ಲಿ ಚುಕ್ತಾ ಆಯಿತು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುವ ನಂದಿಕೂರಿನಲ್ಲಿ, 1760ರ ಸುಮಾರಿಗೆ ಬೈಲುಗದ್ದೆ ಮಾಡುತ್ತಿದ್ದ ಒಬ್ಬ ಒಕ್ಕಲಿಗನನ್ನು ಊಹಿಸಿಕೊಳ್ಳೋಣ. ಆಗ ಅವನು ಕೆಳದಿಯ ಪ್ರಜೆ. ಪಕ್ಕದ ಕಾಪುವಿನ ಮನೋಹರಗಡ ಕೂಡ ಕೆಳದಿಯ ಬಸಪ್ಪ ನಾಯಕ ಕಟ್ಟಿಸಿದ್ದೇ. 1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಅವನು ಹೈದರನ ಪ್ರಜೆ. 1782ರ ಕೊನೆಗೆ ಹೈದರ್ ತೀರಿಕೊಂಡ ಮೇಲೆ ಟಿಪ್ಪುವಿನವನು. 1799ರಲ್ಲಿ ಕಂಪನಿಯವನು. ನಾಲ್ವರು ಒಡೆಯರು ಬದಲಾದರು. ಅವನು ಮಾತ್ರ ಅದೇ ಏಣೇಲು, ಅದೇ ಸುಗ್ಗಿ, ಅದೇ ಅಂಚಿನ ಮೇಲೆ ನಿಂತೇ ಇದ್ದ. ಅವನನ್ನು ಪಕ್ಷಾಂತರಿ ಎಂದು ಯಾರೂ ಕರೆಯಲಿಲ್ಲ.

ಘಟ್ಟದ ಮೇಲಿನ ಕುದುರೆ ಸವಾರನ ಕಥೆ ಇದರ ತಿರುಗುಮುರುಗು. ಅವನ ಬಳಿ ಇದ್ದದ್ದು ಕುದುರೆ ಮತ್ತು ಕತ್ತಿ. ಒಡೆಯ ಬಿದ್ದಾಗ ಅವನೇ ಹೊರಟುಹೋಗಬೇಕಾಗಿತ್ತು.

*

ಧೋಂಡಿಯ ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠಾ ಮೂಲದ ಮನೆತನದಲ್ಲಿ. ಹೈದರನ ಅಶ್ವದಳಕ್ಕೆ ಸಾಮಾನ್ಯ ಸವಾರನಾಗಿ ಸೇರಿದ. ದಳಪತಿಯ ಮಗ ಅಲ್ಲ, ಪಾಳೆಯಗಾರರ ವಂಶ ಅಲ್ಲ. ಆ ಕಾಲದ ದಕ್ಖನಿನಲ್ಲಿ ಇಂಥ ಸಾವಿರಾರು ಜನರಿದ್ದರು.

ಸವಾರರಲ್ಲಿ ಎರಡು ಬಗೆ. ಸರಕಾರದ ಕುದುರೆ ಏರುವವನು ಬಾರಗೀರ. ತನ್ನದೇ ಕುದುರೆ, ತನ್ನದೇ ಆಯುಧ ತರುವವನು ಶಿಲೇದಾರ. ಶಿಲೇದಾರನಿಗೆ ಸಂಬಳ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಕುದುರೆ ಸತ್ತರೆ ಅವನ ಬದುಕೂ ಅಲ್ಲಿಗೇ ಮುಗಿದಂತೆ. ಬಂಡವಾಳವೆಲ್ಲ ಅದರ ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಹಾಗಾಗಿ ಶಿಲೇದಾರರು ತೋಪಿನ ಎದುರು ನೇರ ನುಗ್ಗುವುದಕ್ಕಿಂತ ಶತ್ರುವಿನ ಧಾನ್ಯ ಸುಡುವುದು, ಹುಲ್ಲು ಸಿಗದಂತೆ ಮಾಡುವುದು, ಹಿಂದೆ ಬಿದ್ದ ಗಾಡಿಗಳನ್ನು ದೋಚುವುದು ಇವುಗಳಲ್ಲೇ ಪಳಗಿದ್ದರು. ಇಂಗ್ಲಿಷ್ ಬರಹಗಾರರಿಗೆ ಇದು ಹೇಡಿತನದಂತೆ ಕಂಡಿತು. ಕುದುರೆಗೆ ಬದಲಿ ಕೊಡುವ ಸರಕಾರ ಬೆನ್ನ ಹಿಂದೆ ಇಲ್ಲದವನಿಗೆ ಅದು ಮನೆವಾರ್ತೆಯ ಲೆಕ್ಕ.

ಸಂಬಳ ತಿಂಗಳು ತಿಂಗಳಿಗೆ ಕೈಗೆ ಬರುತ್ತದೆಂಬ ಭರವಸೆ ಎಲ್ಲೂ ಇರಲಿಲ್ಲ. ಬಾಕಿ ಬೆಳೆಯುತ್ತಿತ್ತು, ದಂಡಯಾತ್ರೆ ಮುಗಿದ ಮೇಲೆ ದಂಡೇ ಕರಗುತ್ತಿತ್ತು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂಬ ಮಾತನ್ನು ಆ ಸವಾರರೂ ಒಪ್ಪುತ್ತಿದ್ದರು. ಉಪ್ಪು ಹಾಕುವುದು ನಿಂತ ಮೇಲೆ ಏನು ಎಂಬ ಪ್ರಶ್ನೆಗೆ ಅವರ ಉತ್ತರ ಸರಳ: ಇನ್ನೊಂದು ಮನೆ.

1791-92ರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೈಸೂರಿನ ಮೇಲೆ ಬಂದಾಗ ಧೋಂಡಿಯ ಟಿಪ್ಪುವಿನ ಸೇನೆಯಿಂದ ಜಾರಿಕೊಂಡ. ಒಂದಿಷ್ಟು ಲೂಟಿ, ಒಂದಿಷ್ಟು ಜನ ಜತೆಗಿದ್ದರು. ತುಂಗಭದ್ರೆ ದಾಟಿ ಲಕ್ಷ್ಮೇಶ್ವರದ ದೇಸಾಯಿಯ ಸೇವೆಗೆ ನಿಂತ. ಸಂಧಿಯಾಗಿ ಯುದ್ಧ ಮುಗಿದ ಮೇಲೆ ಅಲ್ಲಿಯೂ ನಿಲ್ಲಲಿಲ್ಲ. ತನ್ನದೇ ಬಾವುಟ ಹಿಡಿದು 1793ರ ಆರಂಭದಲ್ಲಿ ಹಾವೇರಿಯನ್ನು ಹಿಡಿದ, ಸವಣೂರಿನ ಮೇಲೆ ಬಿದ್ದ. ಅದು ಪೇಶ್ವೆಯ ಕಡೆಯ ಸೀಮೆ. ಪೇಶ್ವೆ ಸರಕಾರ ಧೋಂಡೋಪಂತ ಗೋಖಲೆ ಎಂಬ ದಂಡನಾಯಕನನ್ನು ಕಳಿಸಿತು. ಗೋಖಲೆ ಅವನನ್ನು ಅಟ್ಟಿಸಿಕೊಂಡು ಬಂದು ಮತ್ತೆ ತುಂಗಭದ್ರೆಯ ಈಚೆ ದಬ್ಬಿದ. ಈ ಇಬ್ಬರ ಹಗೆ ಅಲ್ಲಿಂದ ಶುರು. ಗೋಖಲೆಯ ಎದೆಯ ರಕ್ತದಲ್ಲಿ ಮೀಸೆ ಅದ್ದುತ್ತೇನೆ ಎಂದು ಧೋಂಡಿಯ ಶಪಥ ಮಾಡಿದ್ದನೆಂಬ ಮಾತು ಮರಾಠರ ಇತಿಹಾಸದಲ್ಲಿ ಉಳಿದಿದೆ.

ಹೋಗಲು ಉಳಿದದ್ದು ಒಂದೇ ಬಾಗಿಲು, ತಾನೇ ಬಿಟ್ಟು ಬಂದದ್ದು. 1794ರ ಜೂನ್‌ನಲ್ಲಿ ಸುಮಾರು 200 ಸವಾರರೊಂದಿಗೆ ಅವನು ಶ್ರೀರಂಗಪಟ್ಟಣಕ್ಕೆ ಬಂದ. ಟಿಪ್ಪು ಅವನನ್ನು ಒಳಗೆ ಬಿಟ್ಟುಕೊಂಡ, ಆದರೆ ಹಳೆಯ ಧೋಂಡಿಯನಾಗಿ ಅಲ್ಲ. ಸುನ್ನತಿ ಮಾಡಿಸಿ ಇಸ್ಲಾಮಿಗೆ ಸೇರಿಸಲಾಯಿತು. ಮಲಿಕ್ ಜಹಾನ್ ಖಾನ್ ಎಂಬ ಹೆಸರಾಯಿತು. ಮುಂದೆ ಸುಲ್ತಾನನ ವಿಶ್ವಾಸ ಕಳಚಿತು. ಮಲಿಕ್ ಜಹಾನ್ ಖಾನ್ ಕೋಟೆಯೊಳಗಿನ ಸೆರೆಮನೆ ಸೇರಿದ, ಕಾಲಿಗೆ ಸರಪಳಿ ಬಿತ್ತು.

*

ಒಬ್ಬ ಸವಾರ ಹೀಗೆ ಹಲವು ಯಜಮಾನರನ್ನು ಕಂಡದ್ದು ಅಷ್ಟೇನೂ ವಿಚಿತ್ರವಲ್ಲ. ಅದೇ ಶ್ರೀರಂಗಪಟ್ಟಣದಲ್ಲಿ, ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರವಿದೆ. ಅದರಲ್ಲಿ ಕುದುರೆಯ ಮೇಲೆ ಕೂತು ದುರ್ಬೀನಿನಲ್ಲಿ ನೋಡುತ್ತಿರುವ ಪರದೇಶಿಯೊಬ್ಬ ಇದ್ದಾನೆ. ಅವನು ಲಾಲಿ ಎಂಬ ಫ್ರೆಂಚ್ ದಳಪತಿ. ಅದೋನಿಯ ಬಸಾಲತ್ ಜಂಗ್‌ನ ಬಳಿ ಚಾಕರಿ ಮಾಡಿ ಆಮೇಲೆ ಹೈದರನ ಪಡೆಗೆ ಬಂದವನು. ಪಾಂಡವಪುರವನ್ನು ಇಂಗ್ಲಿಷರು ಬಹುಕಾಲ ಫ್ರೆಂಚ್ ರಾಕ್ಸ್ ಎಂದೇ ಕರೆದರು. ಹೈದರ್ ಮತ್ತು ಟಿಪ್ಪುವಿನ ಸಂಬಳದ ಫ್ರೆಂಚರು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಗ್ಯಾಸ್ಕನಿಯಿಂದ ಪುದುಚೇರಿಗೆ ಬಂದಿಳಿದ ರೇಮಂಡ್ ಎಂಬವನು ಮೊದಲು ಮೈಸೂರಿನ ಕಡೆಯ ಫ್ರೆಂಚ್ ಪಡೆಯಲ್ಲಿದ್ದ, ಆಮೇಲೆ ಫ್ರಾನ್ಸಿನ ದಳಪತಿ ಬುಸ್ಸಿಯ ಕೈಕೆಳಗೆ, ಕೊನೆಗೆ ನಿಜಾಮನ ಬಳಿ ಹೋಗಿ ಸಾವಿರಾರು ಸಿಪಾಯಿಗಳ ಪಡೆ ಕಟ್ಟಿದ. 1798ರ ಮಾರ್ಚ್‌ನಲ್ಲಿ ಸತ್ತ ಅವನನ್ನು ಹೈದರಾಬಾದಿನವರು ಮೂಸಾ ರಾಮ್ ಎಂದು ಕರೆದು ಅವನ ಗೋರಿಯನ್ನು ಗೌರವಿಸಿದರು.

ಕರಾವಳಿಯೂ ಇದನ್ನು ಕಣ್ಣಾರೆ ಕಂಡಿತ್ತು. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಜತೆ ಕೊಸಿನ್ಯಿಯ ಫ್ರೆಂಚ್ ಪಡೆ ಇತ್ತು. ಯುರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿಯಾದ ಸುದ್ದಿ ಮುತ್ತಿಗೆಯ ನಡುವೆ ಬಂತು. ನಿನ್ನೆಯವರೆಗೆ ಗೋಡೆ ಒಡೆಯುತ್ತಿದ್ದ ಫ್ರೆಂಚರು ಇಂದು ಕೈಕಟ್ಟಿ ಪಕ್ಕಕ್ಕೆ ಸರಿದರು. ಟಿಪ್ಪುವಿನ ಸಿಟ್ಟು ನೆತ್ತಿಗೇರಿದ್ದರಲ್ಲಿ ಆಶ್ಚರ್ಯವಿಲ್ಲ. ತಾನು ನೋಡದ ಊರಿನಲ್ಲಿ ಯಾರೋ ಮಾಡಿದ ಸಹಿಯಿಂದ ಅವನ ಮುತ್ತಿಗೆಯ ಅರ್ಧ ಬಲ ಉಡುಗಿತ್ತು. ಕೋಟೆ ಕೊನೆಗೆ ಕೈಗೆ ಬಂದದ್ದು 1784ರ ಜನವರಿಯಲ್ಲಿ, ಒಳಗಿದ್ದವರು ಹಸಿವಿನಿಂದ ಸೊರಗಿದ ಮೇಲೆ.

ಆ ಮುತ್ತಿಗೆಗೂ ಮೊದಲು, 1783ರ ಆರಂಭದಲ್ಲಿ, ಬಿದನೂರಿನಲ್ಲಿ ಇಂಥದ್ದೇ ಇನ್ನೊಂದು ನಡೆದಿತ್ತು. ಅಲ್ಲಿಯ ಅಧಿಕಾರಿ ಅಯಾಜ್ ಖಾನ್ ಮಲಬಾರಿನಿಂದ ಹೈದರ್ ಸೆರೆಹಿಡಿದು ತಂದ ಹುಡುಗ, ಹೈದರನ ಮಗನಂತೆ ಬೆಳೆದವನು. ಟಿಪ್ಪುವಿಗೂ ಅವನಿಗೂ ಆಗಿಬರುತ್ತಿರಲಿಲ್ಲ. ಹೈದರ್ ಸತ್ತ ಕೂಡಲೇ ಅವನು ಹೊಸಂಗಡಿ ಘಾಟಿ ಹತ್ತಿ ಬಂದ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್‌ಗೆ ಊರನ್ನು ಒಪ್ಪಿಸಿ ಮುಂಬಯಿ ಸೇರಿದ.

ಇವೆಲ್ಲಕ್ಕಿಂತ ಸೋಜಿಗದ್ದು ಡಿ ಮ್ಯೂರಾನ್ ರೆಜಿಮೆಂಟಿನ ಕಥೆ. 1781ರಲ್ಲಿ ಸ್ವಿಸ್ ಸೀಮೆಯ ನ್ಯೂಷಾಟೆಲ್‌ನಲ್ಲಿ ಷಾರ್ಲ್ ಡೇನಿಯಲ್ ಡಿ ಮ್ಯೂರಾನ್ ಈ ಪಡೆ ಕಟ್ಟಿದ. ಅವನು ಅದಕ್ಕೂ ಮೊದಲು ಫ್ರಾನ್ಸಿನ ಸೇವೆಯಲ್ಲಿದ್ದವನು. ಅವನ ಊರಿನ ಅರಸು ಪ್ರಷ್ಯದ ದೊರೆ. ಪಡೆಯನ್ನು ಬಾಡಿಗೆಗೆ ಪಡೆದದ್ದು ಡಚ್ಚರ ಈಸ್ಟ್ ಇಂಡಿಯಾ ಕಂಪನಿ. ಆಫ್ರಿಕಾದ ಕೇಪ್‌ನಲ್ಲಿ ಕೆಲವು ವರ್ಷ ಕಾವಲು ಕಾದು ಅದು ಸಿಂಹಳಕ್ಕೆ ಬಂತು. 1795ರಲ್ಲಿ ಇಂಗ್ಲೆಂಡಿಗೆ ಸಿಂಹಳ ಬೇಕಾಯಿತು. ಹ್ಯೂ ಕ್ಲೆಗ್‌ಹಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರ್ ನ್ಯೂಷಾಟೆಲ್‌ಗೆ ಹೋಗಿ ಕರ್ನಲ್‌ನನ್ನು ಕಂಡು ಮಾತು ಕುದುರಿಸಿದ: ಬಾಕಿ ಸಂಬಳ ತೀರಿಸುತ್ತೇವೆ, ಇಂಗ್ಲಿಷ್ ಸೈನಿಕನಿಗೆ ಸಮನಾಗಿ ಕೊಡುತ್ತೇವೆ, ಪಡೆ ನಮ್ಮದಾಗಲಿ. ಕೊಲಂಬೋದ ಕೋಟೆಯೊಳಗಿದ್ದ ಕರ್ನಲ್‌ನ ತಮ್ಮನಿಗೆ ಆ ಸುದ್ದಿಯನ್ನು ಡಚ್ಚರ ಚೀಸ್ ಗಡ್ಡೆಯೊಳಗೆ ಹುದುಗಿಸಿ ಕಳಿಸಿದರೆಂಬ ಕಥೆ ಇದೆ. ಸ್ವಿಸ್ಸರು ಕಳಚಿಕೊಂಡ ಮೇಲೆ 1796ರ ಫೆಬ್ರವರಿಯಲ್ಲಿ ಕೊಲಂಬೋ ಹೆಚ್ಚು ಗುಂಡಿನ ಸದ್ದಿಲ್ಲದೆ ಇಂಗ್ಲಿಷರದ್ದಾಯಿತು.

ಮೂರು ವರ್ಷದ ಬಳಿಕ ಅದೇ ಪಡೆ ಶ್ರೀರಂಗಪಟ್ಟಣದ ಗೋಡೆಯ ಬಿರುಕಿನ ಎದುರು ನಿಂತಿತ್ತು. 1799ರ ಮೇ 4, ಮಧ್ಯಾಹ್ನ ಒಂದು ಗಂಟೆ ಸುಮಾರು. ಕಾವೇರಿಯ ಬಂಡೆಗಳ ಮೇಲೆ ಓಡಿ ದಾಟಿದವರಲ್ಲಿ ಆ ಸ್ವಿಸ್ಸರೂ ಇದ್ದರು. ಸಂಜೆಯ ಹೊತ್ತಿಗೆ ಟಿಪ್ಪು ಸತ್ತಿದ್ದ. ಸ್ವಿಸ್ಸರು ಮುಂದೆ ಹಲವು ವರ್ಷ ಅಲ್ಲಿಯೇ ಇದ್ದು ಜ್ವರಕ್ಕೆ, ಮುಪ್ಪಿಗೆ, ಸಾರಾಯಿಗೆ ಬಲಿಯಾದರು. ಊರಾಚೆಯ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರಕ್ಕೂ ಹೆಚ್ಚು ಸಮಾಧಿಗಳಿವೆ. ಹಲವು ಕಲ್ಲುಗಳ ಮೇಲೆ ಆ ರೆಜಿಮೆಂಟಿನ ಹೆಸರು ಇದೆ. ಈಚಿನ ವರ್ಷಗಳಲ್ಲಿ ಮ್ಯೂರಾನ್ ವಂಶಸ್ಥರ ನೆರವಿನಿಂದ ಅದರ ದುರಸ್ತಿಯೂ ಆಗಿದೆ. ಸಾಯದೆ ಉಳಿದವರನ್ನು 1806ರಲ್ಲಿ ಹಿಂದಕ್ಕೆ ಕರೆಸಿ ಮೆಡಿಟರೇನಿಯನ್ನಿಗೆ, 1813ರಲ್ಲಿ ಕೆನಡಕ್ಕೆ, ಅಮೆರಿಕನ್ನರ ವಿರುದ್ಧ ಕಾದಾಡಲು ಕಳಿಸಲಾಯಿತು. 1816ರಲ್ಲಿ ಪಡೆ ಮುರಿದಾಗ ಅದರ ಕೆಲವು ಸಿಪಾಯಿಗಳು ಲಾರ್ಡ್ ಸೆಲ್‌ಕಿರ್ಕ್‌ನ ಕೂಲಿಗೆ ರೆಡ್ ನದಿಯ ದಡಕ್ಕೆ ಹೋದರು.

ಡಚ್ಚರ ಸಂಬಳ ಬಿಟ್ಟು ಇಂಗ್ಲಿಷರ ಸಂಬಳ ಹಿಡಿದ ಸ್ವಿಸ್ ಸಿಪಾಯಿಗೆ ಇತಿಹಾಸದಲ್ಲಿ ಸಿಕ್ಕಿದ ಹೆಸರು ‘ಸೈನಿಕ’. ಟಿಪ್ಪುವಿನದ್ದು ಬಿಟ್ಟು ದೇಸಾಯಿಯದ್ದು ಹಿಡಿದ ಚನ್ನಗಿರಿಯ ಸವಾರನಿಗೆ ಸಿಕ್ಕಿದ್ದು ‘ಲೂಟಿಕೋರ’. ನಡುವಿನ ವ್ಯತ್ಯಾಸ ಒಂದು ಕರಾರುಪತ್ರದ್ದು.

*

ಮೇ 4ರ ಗಲಭೆಯಲ್ಲಿ ಇಂಗ್ಲಿಷರು ಸುಲ್ತಾನನ ಸೆರೆಮನೆಗಳ ಬಾಗಿಲು ತೆರೆದರು. ಟಿಪ್ಪು ಕೂಡಿಹಾಕಿದವನೆಂದರೆ ತಮ್ಮ ಗೆಳೆಯನೇ ಇರಬೇಕು ಎಂಬ ಎಣಿಕೆ. ಸರಪಳಿ ಕಳಚಿದವರಲ್ಲಿ ಧೋಂಡಿಯನೂ ಒಬ್ಬ. ಧನ್ಯವಾದ ಹೇಳಲು ಅವನು ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಬಿದನೂರು ಸೀಮೆಯಲ್ಲಿ ಅವನ ಸುತ್ತ ಕುದುರೆಗಳು ನೆರೆದವು.

ಯಾರ ಕುದುರೆಗಳು? ಇದು ಈ ಕಥೆಯ ನಡುಗಂಬ. ಟಿಪ್ಪು ಸತ್ತ ಮೇಲೆ ಅವನ ರಾಜ್ಯವನ್ನು ಹಂಚಿಕೊಳ್ಳಲಾಯಿತು. ಕೆನರಾ, ಕೊಯಮತ್ತೂರು ಕಂಪನಿಗೆ, ಒಂದಿಷ್ಟು ನಿಜಾಮನಿಗೆ, ಉಳಿದದ್ದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಜೂನ್ 30ರಂದು ಬಾಲಕನನ್ನು ಪಟ್ಟಕ್ಕೆ ಕೂಡಿಸಿದರು. ಅವನ ರಾಜ್ಯವನ್ನು ಕಾಯುವುದು ಕಂಪನಿಯ ಪಡೆ. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಕಾಯುವವರು ಅವರಾದ ಮೇಲೆ ಟಿಪ್ಪುವಿನ ಅಷ್ಟು ದೊಡ್ಡ ದಂಡು ಯಾರಿಗೆ ಬೇಕು? ದಿವಾನ್ ಪೂರ್ಣಯ್ಯ ಆಯ್ದ ಒಂದು ಪಾಲನ್ನು ಇಟ್ಟುಕೊಂಡ. ಮಿಕ್ಕವರಿಗೆ ಮನೆಗೆ ಹೋಗಿ ಎಂದರು. ಕತ್ತಿ ಬಿಟ್ಟು ಬೇರೆ ಕಸುಬು ಅರಿಯದವನು, ಕುದುರೆಗೆ ಹುರುಳಿ ಕೊಳ್ಳಲು ಕಾಸಿಲ್ಲದವನು ಮನೆಗೆ ಹೋಗಿ ಮಾಡುವುದೇನು? ಹಿಂದಿನ ವರ್ಷ ಹೈದರಾಬಾದಿನಲ್ಲಿ ರೇಮಂಡನ ಪಡೆಯನ್ನೂ ಇದೇ ರೀತಿ ಬರಖಾಸ್ತು ಮಾಡಿದ್ದರು. ಸೀಮೆ ಸೀಮೆಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಕತ್ತಿಗಳ ಸಂತೆ ಒಂದೊಂದಾಗಿ ಮುಚ್ಚುತ್ತಿತ್ತು. ಮುಚ್ಚಿದ ಸಂತೆಯ ಎದುರು ಒಬ್ಬನೇ ಒಬ್ಬ ಅಂಗಡಿ ತೆರೆದ. ಅವನ ಬಳಿಗೆ ಜನ ಬಂದದ್ದು ಸಹಜ.

ಕೆಳದಿಯ ಹಳೆಯ ಸೀಮೆ ಕಾಡು, ಕಣಿವೆಗಳ ನಾಡು. ಶಿಕಾರಿಪುರ, ಚನ್ನಗಿರಿ, ಹೊನ್ನಾಳಿಗಳ ಸುತ್ತ ಧೋಂಡಿಯ ಕೋಟೆಗಳನ್ನು ಹಿಡಿದು ಕಪ್ಪ ವಸೂಲಿ ಮಾಡಿದ. ವಸೂಲಿ ಸೌಮ್ಯವಾಗಿ ನಡೆಯಿತೆಂದು ನಂಬಲು ಯಾವ ಕಾರಣವೂ ಇಲ್ಲ. ಸಾವಿರಾರು ಕುದುರೆಗಳನ್ನು ಖಜಾನೆಯಿಲ್ಲದೆ ಸಾಕುವವನು ಊರಿನ ಕಣಜದಿಂದಲೇ ಸಾಕಬೇಕು. ಕಂಪನಿ ಎರಡು ಕಡೆಯಿಂದ ಪಡೆ ಬಿಟ್ಟಿತು. ಒಂದಕ್ಕೆ ಡಾಲ್‌ರಿಂಪಲ್, ಇನ್ನೊಂದಕ್ಕೆ ಸ್ಟೀವನ್‌ಸನ್ ಮುಖಂಡ. 1799ರ ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸೋತು ಅವನು ಮರಾಠರ ಸೀಮೆಗೆ ದಾಟಿದ. ಅಲ್ಲಿ ಹಳೆಯ ವೈರಿ ಗೋಖಲೆ ಕಾದು ಕೂತಿದ್ದ. ಬೀಡಿನ ಮೇಲೆ ಬಿದ್ದು ಆನೆ, ತೋಪು ಎಲ್ಲ ಕಿತ್ತುಕೊಂಡ. ಬರಿಗೈಯಾದ ಧೋಂಡಿಯ ಕೊಲ್ಹಾಪುರದ ರಾಜನ ಸೇವೆಗೆ ಸೇರಿದ.

ಅದು ಅವನು ತಿಂದ ಕೊನೆಯ ಉಪ್ಪು. ಕೊಲ್ಹಾಪುರಕ್ಕೂ ಪೇಶ್ವೆಗೂ ಕದನ ನಡೆಯುತ್ತಿದ್ದ ಕಾಲವಾದ್ದರಿಂದ ಸವಾರನಿಗೆ ಬೇಡಿಕೆ ಇತ್ತು. ಆದರೆ ಆ ಚಳಿಗಾಲ ಕಳೆಯುವುದರೊಳಗೆ ಅವನು ಅಲ್ಲಿಂದಲೂ ಎದ್ದ. 1800ರ ಬೇಸಗೆಯಲ್ಲಿ ಧಾರವಾಡ, ಸವಣೂರು ಸೀಮೆಯಲ್ಲಿ ಮತ್ತೆ ಕಾಣಿಸಿಕೊಂಡಾಗ ಹೆಸರಿನ ಹಿಂದೆ ಬಿರುದು ಇತ್ತು: ಉಭಯಲೋಕಾಧೀಶ್ವರ, ಎರಡು ಲೋಕಗಳ ಒಡೆಯ.

ಇಂಗ್ಲಿಷ್ ಅಧಿಕಾರಿಗಳು ಆ ಬಿರುದನ್ನು ಪತ್ರ ಪತ್ರದಲ್ಲೂ ಆಡಿಕೊಂಡು ನಕ್ಕರು. ನಗುವುದಕ್ಕೆ ಮೊದಲು ಹೈದರನನ್ನು ನೆನೆಯಬಹುದಿತ್ತು. ಅವನೂ ಒಂದು ಕಾಲಕ್ಕೆ ಮೈಸೂರಿನ ಸೇನೆಯಲ್ಲಿ ಕೆಲವು ಸವಾರರ ಸರದಾರನಾಗಿದ್ದವನೇ. ಸವಾರ ಸುಲ್ತಾನನಾಗಬಹುದು ಎಂಬುದನ್ನು ಈ ನಾಡು ಒಂದು ತಲೆಮಾರಿನ ಹಿಂದಷ್ಟೇ ಕಂಡಿತ್ತು. ಧೋಂಡಿಯನ ಕಣ್ಣೆದುರಿಗಿದ್ದದ್ದು ಅದೇ ಮೇಲ್ಪಂಕ್ತಿ. ಅವನ ದುರ್ದೈವ, ಹುಟ್ಟಿದ್ದು ನಲವತ್ತು ವರ್ಷ ತಡವಾಗಿ.

*

ವೆಬ್‌ನ ಪತ್ರ ಬಂದಾಗ ವೆಲ್ಲೆಸ್ಲಿಗೆ 31 ವರ್ಷ. ಹದಿನೈದು ವರ್ಷದ ಬಳಿಕ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಲೋಕಪ್ರಸಿದ್ಧನಾಗುವ ಈತ ಆಗಿನ್ನೂ ಗವರ್ನರ್ ಜನರಲ್‌ನ ತಮ್ಮ ಎಂದೇ ಹೆಚ್ಚು ಗೊತ್ತಿದ್ದವನು. ಅದೇ ಹೊತ್ತಿಗೆ ಜಾವಾದ ಬಟಾವಿಯದ ಮೇಲೆ ಹೋಗುವ ದಂಡಿನ ನಾಯಕತ್ವ ಅವನೆದುರು ಬಂತು. ಹೆಸರು, ಹಣ ಎರಡೂ ಬರುವ ಕೆಲಸ. ಅವನು ಅದನ್ನು ಬಿಟ್ಟು ಧೋಂಡಿಯನ ಬೆನ್ನು ಹತ್ತಿದ. ಸ್ವತಂತ್ರವಾಗಿ ಒಂದು ದಂಡಯಾತ್ರೆಯನ್ನು ಮೊದಲಿಂದ ಕೊನೆಯವರೆಗೆ ಅವನು ನಡೆಸಿದ್ದು ಇದೇ ಮೊದಲು.

ಅವನ ಲೆಕ್ಕ ನಿಂತದ್ದು ಮಳೆಯ ಮೇಲೆ. ಈ ಮಳೆಯನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಕಳದ ಮೂಡಣಕ್ಕೆ ಕಾಣುವ ಕುದುರೆಮುಖದ ಸಾಲಿನಲ್ಲಿ, ಗಂಗಾಮೂಲದಲ್ಲಿ ಬಿದ್ದ ನೀರು ತುಂಗೆ, ಭದ್ರೆಗಳಾಗಿ ಬಯಲಿಗೆ ಇಳಿಯುತ್ತದೆ. ಬಡಗಣದ ಕಣಕುಂಬಿಯಲ್ಲಿ ಬಿದ್ದದ್ದು ಮಲಪ್ರಭೆಯಾಗುತ್ತದೆ. ಬಯಲಿನಲ್ಲಿ ಹನಿ ಬೀಳದಿದ್ದರೂ ಆಷಾಢದಲ್ಲಿ ಅಲ್ಲಿಯ ಹೊಳೆಗಳು ದಡ ಮುಟ್ಟುತ್ತವೆ. ನದಿ ತುಂಬಿದರೆ ಕುದುರೆ ಪಡೆಯ ವೇಗ ಅಡಗುತ್ತದೆ. ಹರಿಗೋಲು ಇದ್ದವನು ದಾಟುತ್ತಾನೆ, ಇಲ್ಲದವನು ದಡದಲ್ಲಿ ಸಿಕ್ಕಿಬೀಳುತ್ತಾನೆ. ವೆಲ್ಲೆಸ್ಲಿ ಮೊದಲೇ ಹರಿಗೋಲುಗಳನ್ನು ಮಾಡಿಸಿಟ್ಟ. ಮಳೆಗಾಲದಲ್ಲಿ ದಂಡು ಕದಲುವುದಿಲ್ಲ ಎಂಬ ಹಳೆಯ ವಾಡಿಕೆಯನ್ನು ಮುರಿದು ಜೂನ್ ಕೊನೆಗೆ ಹರಿಹರದಲ್ಲಿ ತುಂಗಭದ್ರೆ ದಾಟಿದ.

ಆ ಹೊತ್ತಿಗೆ ಧೋಂಡಿಯ ತನ್ನ ಶಪಥ ತೀರಿಸಿದ್ದ. ಕಿತ್ತೂರಿನ ಬಳಿ ಗೋಖಲೆಯ ಪಡೆ ಚದುರಿ ಸಾಗುತ್ತಿದ್ದಾಗ ಅದರ ಮೇಲೆ ಎರಗಿ ಅವನನ್ನು ಕೊಂದ. ಮೀಸೆಯ ಕಥೆ ನಿಜವೋ ಸುಳ್ಳೋ, ಸುದ್ದಿ ಕೇಳಿ ಮರಾಠಾ ಪಡೆಗಳು ದಿಕ್ಕಾಪಾಲಾದವು. ಗೋಖಲೆಯ ಸೋದರನ ಮಗ ಬಾಪು ಗೋಖಲೆ ಬದುಕಿ ಉಳಿದು ವೆಲ್ಲೆಸ್ಲಿಯ ಜತೆಗೂಡಿದ.

ಮುಂದೆ ಎಲ್ಲವೂ ಬಿರುಸು. ಜುಲೈ 14ರಂದು ಕುಂದಗೋಳದ ಕೋಟೆಗೆ ಏಣಿ ಇಟ್ಟರು. 26ರಂದು ಡಂಬಳ ಬಿತ್ತು. ಗದಗ ಖಾಲಿಯಾಯಿತು. 30ರಂದು ಮುನವಳ್ಳಿಯ ಬಳಿ, ಉಕ್ಕಿ ಹರಿಯುತ್ತಿದ್ದ ಮಲಪ್ರಭೆಯ ದಡದಲ್ಲಿ, ಧೋಂಡಿಯನ ಸಾಮಾನು ಸರಂಜಾಮಿನ ದೊಡ್ಡ ಬೀಡು ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಒಡೆಯನೂ ತೋಪುಗಳೂ ಆಗಲೇ ಆಚೆ ದಡ ಸೇರಿದ್ದವು; ಉಳಿದವರು ಸರದಿ ಕಾಯುತ್ತಿದ್ದರು. ಅಶ್ವದಳ ನುಗ್ಗಿದಾಗ ಓಡಲು ಜಾಗವಿರಲಿಲ್ಲ. ಕತ್ತಿಗೆ ಸಿಕ್ಕವರು ಕೆಲವರು, ಹೊಳೆಗೆ ಹಾರಿ ಮುಳುಗಿದವರು ನೂರಾರು. ಎತ್ತು, ಒಂಟೆ, ಕುದುರೆ, ಹೆಂಗಸರು, ಮಕ್ಕಳು ಎಲ್ಲ ಇದ್ದ ಬೀಡು ಅದು. ಕುಂದಾಪುರದ ಕಡೆಯಲ್ಲಿ ಮನ್ರೋ ಆ ಮಳೆಯನ್ನು ಶಪಿಸುತ್ತ, ತನ್ನನ್ನು ಈ ಜಿಲ್ಲೆಯಿಂದ ಬಿಡಿಸಿರೆಂದು ಬರೆಯುತ್ತಿದ್ದ. ಅದೇ ಮಳೆಯ ನೀರು ಮುನವಳ್ಳಿಯಲ್ಲಿ ಕಂಪನಿಯ ಕೆಲಸ ಮಾಡುತ್ತಿತ್ತು.

ಆಮೇಲಿನದ್ದು ಬೇಟೆ. ಆಗಸ್ಟ್ ತಿಂಗಳಿಡೀ ಧೋಂಡಿಯ ಮಲಪ್ರಭೆ, ಘಟಪ್ರಭೆಗಳ ನಡುವೆ ಸುತ್ತಿದ, ವೆಲ್ಲೆಸ್ಲಿ ಒಂದು ದಡದಿಂದ, ಸ್ಟೀವನ್‌ಸನ್ ಇನ್ನೊಂದು ದಡದಿಂದ ಅಟ್ಟಿದರು. ದಿನದಿನಕ್ಕೂ ಜನ ಕಳಚಿಕೊಂಡರು. ಸಂಬಳ ಕೊಡುವವನ ಬಳಿಗೆ ಬಂದವರು ಕೊಡಲಾಗದವನನ್ನು ಬಿಟ್ಟು ಹೋದರು. ಧೋಂಡಿಯ ಅವರನ್ನು ದೂರುವಂತಿರಲಿಲ್ಲ.

ಸೆಪ್ಟೆಂಬರ್ 9ರ ರಾತ್ರಿ, ಈಗಿನ ರಾಯಚೂರು ಸೀಮೆಯಲ್ಲಿ, ಎರಡು ಬೀಡುಗಳು ಕೆಲವೇ ಮೈಲಿ ಅಂತರದಲ್ಲಿ ಮಲಗಿದ್ದವು. ಧೋಂಡಿಯನಿಗೆ ಅದು ಗೊತ್ತಿರಲಿಲ್ಲ, ವೆಲ್ಲೆಸ್ಲಿಗೆ ಗೊತ್ತಿತ್ತು. ಹವೆ ಕೆಟ್ಟಿತ್ತು, ಕುದುರೆಗಳು ದಣಿದಿದ್ದವು. ಬೆಳಗಾಗಲಿ ಎಂದು ಕಾದ. 10ರ ಬೆಳಿಗ್ಗೆ ಕೋಣಗಲ್ಲು ಎಂಬ ಹಳ್ಳಿಯ ಬಳಿ ಮುಖಾಮುಖಿಯಾಯಿತು. ಧೋಂಡಿಯನ ಕಡೆ ಸುಮಾರು 5,000 ಸವಾರರು. ಈಚೆ ನಾಲ್ಕು ಅಶ್ವದಳಗಳು, ಎರಡು ಇಂಗ್ಲಿಷರದ್ದು, ಎರಡು ಮದ್ರಾಸಿನದ್ದು. ಕಾಲಾಳುಗಳು ಹಿಂದೆ ಬಿದ್ದಿದ್ದರು. ಸಂಖ್ಯೆ ಕಡಿಮೆಯಾದ್ದರಿಂದ ವೆಲ್ಲೆಸ್ಲಿ ನಾಲ್ಕೂ ದಳಗಳನ್ನು ಒಂದೇ ಸಾಲಿನಲ್ಲಿ ಹರಡಿ, ಹಿಂದೆ ಮೀಸಲು ಇಡದೆ, ತಾನೇ ಮುಂದಾಗಿ ನುಗ್ಗಿಸಿದ. ಹಿಂದಕ್ಕೆ ಹಳ್ಳಿ, ಎಡಕ್ಕೆ ಬಂಡೆ ಇಟ್ಟುಕೊಂಡು ಧೋಂಡಿಯ ನಿಂತ. ಓಡಿ ಗೆಲ್ಲುವುದನ್ನೇ ಕಲಿತ ಸವಾರ ಅಂದು ಓಡದೆ ನಿಂತದ್ದು ಗಮನಿಸುವಂಥದ್ದು; ಬಹುಶಃ ಓಡಲು ದಿಕ್ಕೇ ಉಳಿದಿರಲಿಲ್ಲ. ಆ ಒಂದು ಏಟಿಗೆ ಸಾಲು ಒಡೆಯಿತು. ಬಿದ್ದವರ ನಡುವೆ ಅವನ ಹೆಣವನ್ನು ಗುರುತು ಹಿಡಿದರು. 19ನೇ ಡ್ರಾಗೂನ್ ದಳದ ತೋಪಿನ ಬಂಡಿಗೆ ಕಟ್ಟಿ ಬೀಡಿಗೆ ತಂದರು. ನೇಣಿಗೆ ಮರ ಹುಡುಕುವ ಕೆಲಸ ತಪ್ಪಿತು.

*

ಸುದ್ದಿ ಕೇಳಿ ಮನ್ರೋ ವೆಲ್ಲೆಸ್ಲಿಗೆ ಬರೆದ ಪತ್ರದಲ್ಲಿ ತಮಾಷೆಯೂ ಇದೆ, ಮೊನಚೂ ಇದೆ. ನೀನು ಮತ್ತು ನಿನ್ನ ರಾಜಘಾತುಕ ಪಡೆ ಅಡ್ಡ ಬಾರದಿದ್ದರೆ ಧೋಂಡಿಯ ಖಂಡಿತ ಸ್ವತಂತ್ರ ದೊರೆಯಾಗಿ ಹೊಸ ಸುಲ್ತಾನರ ವಂಶವನ್ನೇ ಕಟ್ಟುತ್ತಿದ್ದ ಎಂಬ ಧಾಟಿಯ ಮಾತು ಅದು. ಉಭಯಲೋಕಾಧೀಶ್ವರನೆಂದು ನಕ್ಕವರಲ್ಲೇ ಒಬ್ಬ ಬಿರುದಿನ ಒಳಗುಟ್ಟನ್ನು ಸರಿಯಾಗಿ ಓದಿದ್ದ. ಮನ್ರೋಗೆ ಆ ವರ್ಷ ತನ್ನ ಜಿಲ್ಲೆಯಲ್ಲೂ ಸಾಕಷ್ಟು ತಲೆನೋವಿತ್ತು. ಬೆಳ್ತಂಗಡಿಯ ಜಮಾಲಾಬಾದ್ ಕೋಟೆಯನ್ನು ತಿಮ್ಮ ನಾಯಕ ಕಸಿದುಕೊಂಡಿದ್ದ. ಹಿಂದೆ ಪಡೆಯಲು ತಿಂಗಳುಗಟ್ಟಲೆ ಮುತ್ತಿಗೆ ಬೇಕಾಯಿತು. ವಿಟ್ಲದ ಹೆಗ್ಗಡೆ ಬಂಡೆದ್ದು ಸೆರೆಸಿಕ್ಕು ಗಲ್ಲಿಗೇರಿದ. ಅಕ್ಟೋಬರ್‌ನಲ್ಲಿ ಮನ್ರೋ ಕೇಳಿದ ವರ್ಗಾವಣೆ ಸಿಕ್ಕಿತು. ಬಳ್ಳಾರಿ, ಕಡಪೆಗಳ ಸೀಮೆಗೆ ಹೋದ.

ಧೋಂಡಿಯನನ್ನು ಈಗ ಹಲವರು ಸ್ವಾತಂತ್ರ್ಯ ಹೋರಾಟಗಾರನೆಂದು ಬರೆಯುತ್ತಾರೆ. ಕಂಪನಿಯ ಕಾಗದಗಳು ದರೋಡೆಗಾರ ಎಂದವು. ಎರಡೂ ಅಂಗಿ ಅವನ ಮೈಗೆ ಹೊಂದುವುದಿಲ್ಲ. ಕನ್ನಡ ನಾಡು ಎಂಬ ಒಂದು ದೇಶಕ್ಕಾಗಿ ಅವನು ಕಾದಾಡಿದನೆನ್ನಲು ಸವಣೂರು, ಹಾವೇರಿಗಳ ರೈತರು ಒಪ್ಪಲಿಕ್ಕಿಲ್ಲ. ಅವನ ಕುದುರೆಗಳು ಮೇದದ್ದು ಅವರ ಹೊಲವನ್ನೇ. ಬರಿಯ ದರೋಡೆಗಾರ ಎನ್ನೋಣವೆಂದರೆ, ಅಂಥವನ ಹಿಂದೆ ಕಂಪನಿ, ಪೇಶ್ವೆ, ನಿಜಾಮ, ಮೈಸೂರು ನಾಲ್ಕೂ ಸರಕಾರಗಳ ಪಡೆ ಮಳೆಗಾಲವಿಡೀ ಅಲೆಯುವುದಿಲ್ಲ. ಅವನು ಒಂದು ಕಸುಬಿನವನು. ಆ ಕಸುಬಿನ ಕಾಲ ಮುಗಿದದ್ದು ಅವನಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ಬೇರೆ ದಾರಿ ಇರಲಿಲ್ಲ.

ದಾರಿ ಕಂಡವರೂ ಇದ್ದರು. ಪೂರ್ಣಯ್ಯ ಹೈದರನ ಉಪ್ಪು ತಿಂದ, ಟಿಪ್ಪುವಿನ ಉಪ್ಪು ತಿಂದ, ಟಿಪ್ಪು ಸತ್ತ ಎರಡೇ ತಿಂಗಳಿಗೆ ಒಡೆಯರ ದಿವಾನನಾದ. ಕತ್ತಿಯ ಬದಲು ಲೆಕ್ಕದ ಕಡತ ಹಿಡಿದವನಿಗೆ ಯಜಮಾನ ಬದಲಾದರೂ ಕೆಲಸ ಹೋಗುವುದಿಲ್ಲ. 1807ರಲ್ಲಿ ಅವನಿಗೆ ಯಳಂದೂರು ಜಹಗೀರು ಸಿಕ್ಕಿತು. ಮರಕ್ಕೆ ನೇತುಹಾಕಿ ಎಂದು ಪತ್ರ ಬರೆದ ವೆಬ್ ತೀರಿಕೊಂಡಾಗ ಶ್ರೀರಂಗಪಟ್ಟಣದ ಬಳಿ ಅವನ ನೆನಪಿಗೆ ಕಲ್ಲಿನ ಕಂಬ ನಿಲ್ಲಿಸಿದವನೂ ಪೂರ್ಣಯ್ಯನೇ. ಬಾಪು ಗೋಖಲೆಯ ದಾರಿ ಇನ್ನೂ ಬೇರೆ. ಚಿಕ್ಕಪ್ಪನ ಸಾವಿಗೆ ಸೇಡು ತೀರಿಸಲು ಇಂಗ್ಲಿಷರ ಜತೆ ಕುದುರೆ ಓಡಿಸಿದ ಅವನು ಪೇಶ್ವೆಯ ಕೊನೆಯ ಸೇನಾಪತಿಯಾಗಿ, 1818ರ ಫೆಬ್ರವರಿಯಲ್ಲಿ ಅಷ್ಟಿಯಲ್ಲಿ, ಅದೇ ಇಂಗ್ಲಿಷರ ಕತ್ತಿಗೆ ಬಿದ್ದ.

ಕೋಣಗಲ್ಲಿನ ಬೀಡಿನಲ್ಲಿ ಸಾಮಾನುಗಳ ನಡುವೆ ನಾಲ್ಕು ವರ್ಷದ ಹುಡುಗನೊಬ್ಬ ಸಿಕ್ಕಿದ್ದ. ಧೋಂಡಿಯನ ಮಗ, ಹೆಸರು ಸಲಾಬತ್ ಖಾನ್. ಸಿಪಾಯಿಗಳು ಅವನನ್ನು ವೆಲ್ಲೆಸ್ಲಿಯ ಡೇರೆಗೆ ಒಯ್ದರು. ವೆಲ್ಲೆಸ್ಲಿ ಹುಡುಗನನ್ನು ಸಾಕಿದ. 1805ರಲ್ಲಿ ಇಂಗ್ಲೆಂಡಿಗೆ ಮರಳುವಾಗ ಅವನ ಖರ್ಚಿಗೆಂದು ಶ್ರೀರಂಗಪಟ್ಟಣದ ಅಧಿಕಾರಿಯ ಬಳಿ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿದ, ಅವನ ತಂದೆ ಹೈದರನ ಕಾಲದಲ್ಲಿ ಸವಾರನಾಗಿ ಶುರುಮಾಡಿದ ಅದೇ ಮೈಸೂರಿನಲ್ಲಿ. 1822ರಲ್ಲಿ ಕಾಲರಾ ಬಂದು ತೀರಿಕೊಂಡ.